ಸೇತುವೆಯ ಮೇಲೆ ಮೊಸುಕೆ

“ನಿಮಗೆ ಯಾವ ಶಕ್ತಿಯೂ ಬೇಡ್ವಾ?”

ಮೇಜಿನ ಆಚೆ ಕೂತಿದ್ದ ಅಪರಿಚಿತ ಹಾಗೆ ಕೇಳಿದಾಗ ಶಿಹೊಳ ಎದೆ ಯಾಕೋ ಧಸಕ್ಕೆಂದಿತು. ಕೇಳಿದ ಮಾತಿಗಲ್ಲ... ಕೇಳಿದ ರೀತಿಗೆ. ಇಷ್ಟು ಕಾಳಜಿಯಿಂದ ಅವಳನ್ನು ಯಾರಾದರೂ ಏನನ್ನಾದರೂ ಕೇಳಿ ಬಹಳ ದಿನವಾಗಿತ್ತು.

ಅವಳು ಅಲ್ಲಿಗೆ ಬಂದದ್ದೇ ದಾರಿ ತಪ್ಪಿ. ತೊಯಾಮಾ ಪೇಟೆಯ ಸಮುದಾಯ ಭವನದಲ್ಲಿ ಹಿರಿಯರ ಹಾಡಿನ ಕೂಟಕ್ಕೆ ಮೀನಿನ ಕಡುಬು ತಲುಪಿಸಿ, ಹೊರಗೆ ಹೋಗುವ ಅವಸರದಲ್ಲಿ ಬೇರೆ ಯಾವುದೋ ಕೋಣೆಯ ಜಾರುಬಾಗಿಲು ಸರಿಸಿದ್ದಳು. ಒಳಗೆ ಚಾಪೆಯ ಮೇಲೊಂದು ತಗ್ಗು ಮೇಜು. ಅದರ ಸುತ್ತ ಮೂವರು. ದಾಳಗಳು, ತವರದ ಪುಟ್ಟ ಗೊಂಬೆಗಳು, ಕಿತ್ತಳೆ ಸಿಪ್ಪೆ. ನಾಲ್ಕನೆಯ ಮೆತ್ತೆ ಖಾಲಿ.

“ಇವತ್ತು ಒಬ್ರು ಕೈ ಕೊಟ್ರು. ಪುರುಸೊತ್ತಿದ್ರೆ ಕೂತ್ಕೊಳ್ಳಿ, ಆಟ ಕಷ್ಟ ಏನಿಲ್ಲ” ಎಂದಿದ್ದ ಆ ಅಪರಿಚಿತ.

ಭಾನುವಾರದ ಅರ್ಧ ದಿನ ರಜೆ. ಮನೆಗೆ ಹೋದರೂ ಮಾತಾಡುವವರಿಲ್ಲ. ಶಿಹೊ ಕೂತಳು.

ಆಟ ನಿಜಕ್ಕೂ ಸರಳವಾಗಿತ್ತು. ಒಬ್ಬ ಕಥೆ ಹೇಳುವವನು, ಇಲ್ಲಿ ಆ ಅಪರಿಚಿತ; ಅವನನ್ನು ಎಲ್ಲರೂ ಮಾಸ್ಟರ್ ಅನ್ನುತ್ತಾರೆ. ಉಳಿದವರು ಕಥೆಯೊಳಗೆ ಒಬ್ಬೊಬ್ಬ ಮನುಷ್ಯನಾಗಿ ಹೊಕ್ಕು, ನಾನು ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಅನ್ನುತ್ತಾರೆ. ಆಗುತ್ತದೋ ಇಲ್ಲವೋ ಅನ್ನುವುದನ್ನು ಎರಡು ದಾಳ ಹೇಳುತ್ತವೆ. ಅರವತ್ತು ದಾಟಿದ ತನುಕಿ ಸಾನ್ ಆಟದಲ್ಲಿ ಬೆಂಕಿ ಉಗುಳುವ ಮಾಟಗಾತಿ. ಬ್ಯಾಂಕಿನವನ ಹಾಗೆ ಕ್ರಾಪು ತೆಗೆದ ಕಬು ಸಾನ್ ಗಾಯ ಮಾಯಿಸುವ ಪೂಜಾರಿ. ಇವೆರಡೂ ಅವರ ನಿಜವಾದ ಹೆಸರಲ್ಲ, ಮೇಜಿನ ಹೆಸರು; ‘ಸಾನ್’ ಅನ್ನುವುದು ಮರ್ಯಾದೆಗೆ. ಮನೆ, ಕೆಲಸ, ಅಸಲಿ ಹೆಸರು ಕೇಳಬಾರದು ಅನ್ನುವುದು ಆ ಮೇಜಿನ ಕಟ್ಟಳೆ. ಶಿಹೊ ತನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ಕೊಳವೆಯಾಕಾರದ ಕಡುಬಿನ ಹೆಸರನ್ನೇ ಹೇಳಿಬಿಟ್ಟಳು. ಅಂದಿನಿಂದ ಅಲ್ಲಿ ಅವಳು ಚಿಕುವಾ ಸಾನ್.

“ಶಕ್ತಿ ಬೇಡ. ಒಂದು ಕತ್ತಿ, ಒಂದು ಗುರಾಣಿ ಸಾಕು.”

“ಒಂದು ಸಣ್ಣ ಮಂತ್ರ? ದೇವರ ವರ? ಮಾತಾಡೋ ಕುದುರೆ?” ಮಾಸ್ಟರ್ ತರಕಾರಿ ಮಾರುವವನ ಹಾಗೆ ಒಂದೊಂದೇ ಮುಂದಿಟ್ಟ.

“ನಂಗೆ ಬರೋದನ್ನೇ ಆಡ್ತೀನಿ. ಎದುರಿಗೆ ನಿಲ್ಲೋದು ಬರುತ್ತೆ. ಅಷ್ಟೇ.”

“ಹೆಸರು?”

“ಮೊಸುಕೆ.”

ತನುಕಿ ಸಾನ್ ಬಾಯಲ್ಲಿದ್ದ ಚಹಾ ಹೊರಬಂತು. “ನನ್ನ ಮಾಟಗಾತಿ ಹೆಸರು ಹೇಳೋಕೆ ಎರಡು ಸಲ ಉಸಿರು ತಗೋಬೇಕು. ಇವಳ ವೀರ ನೋಡಿದ್ರೆ ನಮ್ಮ ತಾತನ ಆಳಿನ ಥರ ಇದ್ದಾನಲ್ಲಪ್ಪ.”

ಮಾಸ್ಟರ್ ನಗಲಿಲ್ಲ. ಅವನ ಮುಂದೆ ಮೂರು ಮಡಿಕೆಯ ರಟ್ಟಿನ ಮರೆ ನಿಂತಿತ್ತು. ರಾಕ್ಷಸರ ಪರವಾಗಿ ಅವನು ಉರುಳಿಸುವ ದಾಳ ಆ ಮರೆಯ ಹಿಂದೆ ಬೀಳುತ್ತದೆ. ಏನು ಬಿತ್ತೆಂದು ಅವನು ಹೇಳುತ್ತಾನೆ, ಉಳಿದವರು ನಂಬುತ್ತಾರೆ. ಆಟವೇ ಆ ನಂಬಿಕೆಯ ಮೇಲೆ ನಿಂತಿದೆ.

ಆ ದಿನವೇ ಮೊಸುಕೆಯ ಆಯಸ್ಸು ಮುಗಿಯುವುದರಲ್ಲಿತ್ತು. ಕತ್ತಿ ಕೆಳಗೆ ಬಿದ್ದಿತ್ತು. ಎದುರಿಗೆ ತೋಳಗಳ ಒಡೆಯ. ಶಿಹೊ ನಗುತ್ತಲೇ, “ಇವನು ಸತ್ರೆ ನಾನು ಎದ್ದು ಮನೆಗೆ ಹೋಗ್ಬಹುದು ಅಲ್ವಾ?” ಎಂದಳು.

ಮರೆಯ ಹಿಂದೆ ದಾಳ ಸದ್ದು ಮಾಡಿತು. ಮಾಸ್ಟರ್ ತುಸು ಹೊತ್ತು ಅದನ್ನೇ ನೋಡಿದ.

“ತಪ್ಪಿತು” ಎಂದ. “ಮೊಸುಕೆ ಬದುಕಿದ.”

ಅವಳು ಮುಂದಿನ ತಿಂಗಳ ಎರಡನೆಯ ಭಾನುವಾರವೂ ಬಂದಳು. ಅದರ ಮುಂದಿನ ತಿಂಗಳೂ ಬಂದಳು.

ಎರಡು ವರ್ಷವಾಯಿತು. ತಿಂಗಳೆಲ್ಲ ಕಡುಬಿನ ಅಂಗಡಿಯಲ್ಲಿ ಶಿಹೊಳ ಕೆಲಸ ಒಂದೇ. ಆ ಊರಿನಲ್ಲಿ ಮದುವೆಯೆಂದರೆ ಮೀನಿನ ಕಡುಬಿನಲ್ಲೇ ಮಾಡಿದ ‘ತಾಯ್’ ಅನ್ನುವ ಶುಭದ ಮೀನಿನ ದೊಡ್ಡ ಕೆಂಪು ಆಕಾರ ಬೇಕು. ಅದನ್ನು ಕೊಯ್ದು ನೆರೆಹೊರೆಗೆ ಹಂಚುತ್ತಾರೆ. ಹಬೆಯಿಂದ ಇಳಿದ ಮೀನಿಗೆ ಹುರುಪೆಯ ಗೆರೆ ಎಳೆದು ಬಣ್ಣ ಹಚ್ಚುವವಳು ಇವಳು. ಊರಿನವರ ಮದುವೆಗೆಲ್ಲ ಬಣ್ಣ ಹಚ್ಚಿ ಹಚ್ಚಿ ಇವಳ ಬೆರಳ ತುದಿ ಮಾತ್ರ ಮದುಮಗಳ ಹಾಗೆ ಕೆಂಪಗಿತ್ತು.

ಆದರೆ ಮೊಸುಕೆ! ಮೊಸುಕೆ ತೋಳದ ಗುಹೆ ದಾಟಿದ್ದ. ಬಾವಿಗೆ ಬಿದ್ದ ರಾಜಕುಮಾರನನ್ನು ಹಗ್ಗ ಹಿಡಿದು ಎಳೆದಿದ್ದ. ಜೇಡರಾಣಿಯ ಬಲೆಯಿಂದ ಒಂಟಿಯಾಗಿ ಹೊರಬಂದಿದ್ದ. ತನುಕಿ ಸಾನ್ ಕೈ ಬೀಸಿದರೆ ಕಾಡು ಹೊತ್ತಿ ಉರಿಯುತ್ತಿತ್ತು. ಕಬು ಸಾನ್ ಕಣ್ಣು ಮುಚ್ಚಿದರೆ ಮುರಿದ ಮೂಳೆ ಕೂಡುತ್ತಿತ್ತು. ಮೊಸುಕೆಗೆ ಇದ್ದದ್ದು ಎರಡು ಕಾಲು, ಒಂದು ಮೊಂಡುತನ. ಆದರೂ ಬದುಕಿದ್ದ.

‘ಬಡಪಾಯಿ, ನೀನು ನಿಂತೆಯಲ್ಲ... ಸಾಕು’ ಎಂದುಕೊಳ್ಳುತ್ತಿದ್ದಳು ಶಿಹೊ. ಹಾಗೆ ಅಂದಾಗೆಲ್ಲ ಅವಳ ಬೆನ್ನೂ ನೆಟ್ಟಗಾಗುತ್ತಿತ್ತು.

ಆಟ ಮುಗಿದ ಮೇಲೆ ಅವಳಿಗೂ ಮಾಸ್ಟರಿಗೂ ಒಂದೇ ಟ್ರಾಮ್ ನಿಲ್ದಾಣ. ಒಂದು ಶರತ್ಕಾಲದ ಸಂಜೆ ಅವನು ಅಲ್ಲಿದ್ದ ಪಾನೀಯದ ಯಂತ್ರಕ್ಕೆ ನಾಣ್ಯ ಹಾಕಿ ಬಿಸಿ ಜೋಳದ ಸೂಪಿನ ಡಬ್ಬಿ ಎರಡು ತೆಗೆದ. ಒಂದನ್ನು ಕರವಸ್ತ್ರದಲ್ಲಿ ಸುತ್ತಿ ಅವಳಿಗೆ ಕೊಟ್ಟ. ಕೈ ಸುಡಬಾರದೆಂದು.

ಅಷ್ಟಕ್ಕೇ ಅವಳ ಹೃದಯ ಹಳಿ ತಪ್ಪಿತು. ಪ್ರೀತಿ ಬರಲು ದೊಡ್ಡ ಕಾರಣ ಬೇಕೆಂದು ಯಾರು ಹೇಳಿದರು?

“ಈಗ ಮೊಸುಕೆ ಮಂತ್ರ ಕಲಿಬಹುದು. ಯಾಕೆ ಬೇಡ ಅಂತೀರಿ?” ಎಂದು ಕೇಳಿದ.

ಹೇಳಬಾರದು ಅಂದುಕೊಂಡಿದ್ದಳು. ಬಾಯಿ ಕೇಳಲಿಲ್ಲ.

“ನಂಗೆ ಹದಿನೇಳು ವರ್ಷ ಆಗಿದ್ದಾಗ ಅಮ್ಮ ಆಸ್ಪತ್ರೆ ಸೇರಿದ್ಲು. ನನ್ನ ಪರೀಕ್ಷೆ ಹತ್ರ ಇತ್ತು. ಹೊಟ್ಟೆ ಹುಣ್ಣು, ವಾಸಿಯಾಗುತ್ತೆ ಅಂದ್ರು. ಅಪ್ಪ, ಅತ್ತೆ, ಡಾಕ್ಟ್ರು... ಎಲ್ರೂ. ಅಮ್ಮನೂ ಅದನ್ನೇ ಅಂದ್ಲು. ಎಲ್ರಿಗೂ ಗೊತ್ತಿತ್ತು. ನಂಗೊಬ್ಳಿಗೆ ಬಿಟ್ಟು.”

ಅವನು ತನ್ನ ಡಬ್ಬಿಯನ್ನು ಬೆಂಚಿನ ಮೇಲಿಟ್ಟ.

“ಕೊನೇ ದಿನ ನಾನು ಅಮ್ಮನ ಹತ್ರ ಏನು ಮಾತಾಡ್ದೆ ಗೊತ್ತಾ? ನನ್ನ ಊಟದ ಡಬ್ಬಿ ಮುಚ್ಚಳ ಕಳೆದುಹೋಗಿದೆ, ಎಲ್ಲಿಟ್ಟಿದ್ದೀಯ ಅಂತ. ಯಾರಾದ್ರೂ ನಿಜ ಹೇಳಿದ್ರೆ... ಏನೂ ಮಾಡೋಕಾಗ್ತಿರ್ಲಿಲ್ಲ. ಪಕ್ಕದಲ್ಲಿ ನಿಂತಿರ್ತಿದ್ದೆ, ಅಷ್ಟೇ. ಅದಕ್ಕೇ ನಂಗೆ ದಾಳ ಅಂದ್ರೆ ಇಷ್ಟ. ಅದಕ್ಕೆ ಕರುಣೆ ಇಲ್ಲ. ಬಿದ್ದಿದ್ದೇ ಹೇಳುತ್ತೆ.”

ಮಾಸ್ಟರನ ಮುಖ ಬಿಳಿಚಿಕೊಂಡಿತು. “ಚಿಕುವಾ ಸಾನ್... ನಾನೊಂದು...” ಎಂದು ಬಾಯಿ ತೆರೆದ.

ಟ್ರಾಮ್ ಬಂತು. ಬಾಗಿಲು ತೆರೆಯಿತು. ಅವನ ಮಾತು ಅಲ್ಲೇ ಉಳಿಯಿತು.

‘ನನಗಾಗಿ ಎಷ್ಟು ನೊಂದುಕೊಂಡ’ ಎಂದು ಶಿಹೊ ದಾರಿಯುದ್ದಕ್ಕೂ ಕರಗಿದಳು. ಪಾಪದ ಹುಡುಗಿ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುವ ಗಾದೆ ಆಗ ಅವಳಿಗೆ ನೆನಪಾಗಬೇಕಿತ್ತು.

ಡಿಸೆಂಬರಿನ ಆ ಭಾನುವಾರ ಎಂದಿನ ಕೋಣೆ ಸಿಗಲಿಲ್ಲ. ಹೂ ಜೋಡಿಸುವವರ ಕೂಟ ಅದನ್ನು ಹಿಡಿದಿತ್ತು. ಇವರಿಗೆ ಮಹಡಿಯ ಮೇಲಿನ ಕೋಣೆ ಬಂತು. ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು ಕೂರುವ ಮಾಸ್ಟರ್ ಅಂದು ದೊಡ್ಡ ಕಿಟಕಿಗೆ ಬೆನ್ನು ಕೊಟ್ಟು ಕೂತ.

ಕಥೆಯಲ್ಲಿ ಹಗ್ಗದ ಸೇತುವೆ. ಕೆಳಗೆ ಪ್ರಪಾತ. ಆಚೆ ದಡದಿಂದ ಕಲ್ಲುದೈತ್ಯ ಈಟಿ ಹಿಡಿದು ಬರುತ್ತಿದ್ದಾನೆ. ಮಾಟಗಾತಿಯ ಬೆಂಕಿ ತೀರಿದೆ, ಪೂಜಾರಿಯ ಮಂತ್ರವೂ ಮುಗಿದಿದೆ.

“ಮೊಸುಕೆ ಸೇತುವೆ ನಡುವೆ ನಿಲ್ತಾನೆ. ನೀವಿಬ್ರೂ ಹಿಂದೆ ಇರಿ” ಎಂದಳು ಶಿಹೊ.

ಹೊರಗೆ ಹಿಮದ ಮೋಡ ಕವಿದು ಮಧ್ಯಾಹ್ನಕ್ಕೇ ಕತ್ತಲಾಯಿತು. ಕಬು ಸಾನ್ ಎದ್ದು ದೀಪ ಹಾಕಿದ. ಮಾಸ್ಟರ್ ದಾಳ ಉರುಳಿಸಿದ. ಶಿಹೊ ತಲೆ ಎತ್ತಿದಳು... ಕಿಟಕಿಯ ಗಾಜು ಕನ್ನಡಿಯಾಗಿತ್ತು.

ಗಾಜಿನಲ್ಲಿ ಅವನ ಬೆನ್ನು, ಮರೆಯ ಒಳಮೈ, ಅದರಡಿ ಎರಡು ದಾಳ. ಎರಡರಲ್ಲೂ ಆರು.

ಎರಡು ಆರು ಬಿದ್ದರೆ ಯಾವ ಗುರಾಣಿಯೂ ತಡೆಯುವುದಿಲ್ಲ.

“ತಪ್ಪಿತು” ಎಂದ ಮಾಸ್ಟರ್. “ಈಟಿ ಮೊಸುಕೆಯ ಪಕ್ಕದಿಂದ ಹಾದುಹೋಯ್ತು.”

ಅದೇ ಮೆತ್ತಗಿನ ದನಿ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಪ್ಪ ‘ವಾಸಿಯಾಗುತ್ತೆ’ ಅಂದಾಗ ಇದ್ದ ದನಿ!

“ಮಾಸ್ಟರ್” ಎಂದಳು. “ಏನು ಬಿತ್ತು?”

ಅವನು ಅವಳ ಕಣ್ಣು ಎಲ್ಲಿದೆಯೆಂದು ನೋಡಿದ. ತಿರುಗಿ ಕಿಟಕಿ ನೋಡಿದ. ಅವನ ಕೈ ಮೇಜಿನ ಮೇಲೆ ಸತ್ತ ಹಾಗೆ ಬಿತ್ತು.

“ಮೊದ್ಲಿಂದ್ಲೂ ಹೀಗೇನಾ?”

ಮಾಸ್ಟರ್ ತಲೆ ತಗ್ಗಿಸಿ ರಟ್ಟಿನ ಮರೆಯನ್ನು ಮಡಿಸಿದ.

“ನಿಮಗೆ ಹೇಳಿದ್ದೆ. ಬೇರೆ ಯಾರಿಗೂ ಹೇಳಿರ್ಲಿಲ್ಲ” ಎಂದಳು. ಅಳು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. “ನನ್ನ ನೋಡಿ ಅಯ್ಯೋ ಪಾಪ ಅನ್ನಿಸ್ತಾ?”

“ಅದಲ್ಲ... ಚಿಕುವಾ ಸಾನ್, ಅದಲ್ಲ...”

ಅವಳು ಕೋಟು ತೆಗೆದುಕೊಂಡು ಹೊರಬಂದಳು. ಮೊಸುಕೆಯ ತವರದ ಗೊಂಬೆ ಮೇಜಿನ ಮೇಲೇ ನಿಂತಿತ್ತು.

ಜನವರಿ ಕಳೆಯಿತು. ಫೆಬ್ರವರಿ ಕಳೆಯಿತು. ಎರಡನೆಯ ಭಾನುವಾರ ಬಂದಾಗ ಶಿಹೊ ಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ. ಅವನಿಗೆ ಫೋನ್ ಮಾಡಿ ಬೈಯೋಣವೆಂದರೆ ನಂಬರಿಲ್ಲ. ಮನಸ್ಸಿನಲ್ಲೇ ಶಪಿಸೋಣವೆಂದರೆ ಹೆಸರೂ ಗೊತ್ತಿಲ್ಲ! ಹೆಸರಿಲ್ಲದವನನ್ನು ಮರೆಯುವುದು ಸುಲಭ ಅಂದುಕೊಂಡಿದ್ದಳು. ಅದು ಇನ್ನೂ ಕಷ್ಟ. ಜೋಳದ ಸೂಪಿನ ಡಬ್ಬಿ ಕಂಡರೂ ಎದೆ ಹಿಂಡುತ್ತಿತ್ತು.

‘ಒಂದೇ ಒಂದು ಗೆಲುವು ನನ್ನದು ಅಂತಿತ್ತು. ಅದೂ ಭಿಕ್ಷೆ.’

ಮಾರ್ಚ್ ತಿಂಗಳ ಮೊದಲ ವಾರ ಅಂಗಡಿಯ ಬಾಗಿಲ ಗಂಟೆ ಸದ್ದು ಮಾಡಿತು. ಶಿಹೊ ಕುಂಚ ಹಿಡಿದು ತಲೆ ಎತ್ತಿದರೆ ಎದುರಿಗೆ ತನುಕಿ ಸಾನ್.

“ತಂಗಿ ಮಗನ ಮದುವೆ. ಒಂದು ದೊಡ್ಡ ತಾಯ್ ಮೀನು ಬೇಕು” ಎಂದು ಹೇಳಿ, ಮುದುಕಿ ಗಾಜಿನ ಕಟ್ಟೆಗೆ ಮೊಣಕೈ ಊರಿದಳು. “ಹಂಗೇ ಒಂದು ಮಾತು. ನನ್ನ ಮಾಟಗಾತಿಗೆ ನೆಗಡಿ ಆಗಿದೆ.”

“ಏನು?”

“ಮತ್ತಿನ್ನೇನಮ್ಮ? ಮೂರು ತಿಂಗಳಿಂದ ಆ ಸೇತುವೆ ಮೇಲೆ ನಿಂತಿದ್ದೀವಿ. ಮುಂದೆ ನಿನ್ನ ಮೊಸುಕೆ ಅಡ್ಡ. ಮಾಸ್ಟರ್ ಆಟ ಮುಂದಕ್ಕೆ ಬಿಡೋಲ್ಲ ಅಂತಾನೆ. ಅವಳಿಲ್ದೆ ದಾಳ ಮುಟ್ಟೋಲ್ಲ ಅಂತ ಹಟ. ಪ್ರತಿ ಸಲ ಬರ್ತೀವಿ, ಕಿತ್ತಳೆ ತಿಂತೀವಿ, ಹೋಗ್ತೀವಿ.”

ಶಿಹೊ ಮೀನಿನ ಕಣ್ಣು ಬರೆಯಲು ಬಾಗಿದಳು. ಕಣ್ಣು ಸೊಟ್ಟಗೆ ಬಂತು.

“ನಾನಿಲ್ಲಿ ಇರೋದು ನಿಮಗೆ ಹೇಗೆ ಗೊತ್ತಾಯ್ತು?”

“ನೀನು ಎರಡು ವರ್ಷ ಅಂಗಡಿ ಕಾಗದದಲ್ಲೇ ಕಡುಬು ಸುತ್ಕೊಂಡು ಬರ್ತಿದ್ದೆ ಕಣೆ. ನಾವೇನು ಕುರುಡ್ರಾ? ಎಲ್ರಿಗೂ ಗೊತ್ತಿತ್ತು. ಕಟ್ಟಳೆ ಇದೆಯಲ್ಲ, ಅದಕ್ಕೆ ಯಾರೂ ಬರ್ಲಿಲ್ಲ.”

“ಅವ್ರಿಗೂ...?”

“ಅವ್ನಿಗೂ. ಅವ್ನು ಮನೆಗೆ ಹೋಗೋ ದಾರಿಯೇ ಇದು. ನೀನು ಆಟ ಬಿಟ್ಟು ಹೋದ್ಮೇಲೆ ಒಂದು ಸ್ಟಾಪ್ ಮೊದ್ಲೇ ಇಳಿದು ಸುತ್ತು ಹಾಕ್ಕೊಂಡು ಹೋಗ್ತಾನೆ. ನಿನ್ನ ಅಂಗಡಿ ಮುಂದೆ ಹಾಯೋಕೆ ತನಗೆ ಯೋಗ್ಯತೆ ಇಲ್ಲ ಅಂತ ಇರ್ಬೇಕು. ಹಿಮದಲ್ಲಿ ಬೂಟು ನೆನೆಸ್ಕೊಂಡು.” ತನುಕಿ ಸಾನ್ ದನಿ ತಗ್ಗಿಸಿದಳು. “ಅವನು ಮಾಡಿದ್ದು ತಪ್ಪು. ನಾನು ಅವ್ನ ಪರ ವಹಿಸೋಲ್ಲ. ಆದ್ರೆ ನೀನು ಬಂದು ಸಾಯಿ, ಇಲ್ಲಾ ಬಂದು ಬದುಕು. ನಡುವೆ ನಿಲ್ಬೇಡಮ್ಮ. ಹಿಂದೆ ಜನ ಇದ್ದಾರೆ.”

ಎರಡನೆಯ ಭಾನುವಾರ. ಶಿಹೊ ಬೂಟು ಕಳಚಿ ಜಾರುಬಾಗಿಲು ಸರಿಸಿದಳು.

ಹಳೆಯ ಕೋಣೆ, ಹಳೆಯ ಮೇಜು. ಮಾಸ್ಟರ್ ಎದ್ದು ನಿಂತ. ತೆಳ್ಳಗಾಗಿದ್ದ. ಅವನ ಮುಂದೆ ರಟ್ಟಿನ ಮರೆ ಇರಲಿಲ್ಲ. ಎರಡು ದಾಳ ಮಾತ್ರ, ಎಲ್ಲರಿಗೂ ಕಾಣುವ ಹಾಗೆ.

“ಮೂರು ಕಡೆ ಸುಳ್ಳು ಹೇಳ್ದೆ” ಎಂದ, ಅವಳು ಕೇಳುವ ಮೊದಲೇ. “ಮೊದಲ ದಿನ ತೋಳದ ಎದುರು. ಆಮೇಲೆ ಜೇಡರಾಣಿ ಹತ್ರ. ಕೊನೆಗೆ ಸೇತುವೆ ಮೇಲೆ. ಬಾವಿಯಿಂದ ರಾಜಕುಮಾರನ್ನ ಎಳೆದಿದ್ದು ನೀವೇ. ಉಳಿದಿದ್ದೆಲ್ಲ ನೀವೇ. ಅದನ್ನ ನಂಬಿ ಅಂತ ಕೇಳೋ ಹಕ್ಕು ನಂಗಿಲ್ಲ.”

ಶಿಹೊ ತನ್ನ ಮೆತ್ತೆಯ ಮೇಲೆ ಕೂತಳು. ಮೊಸುಕೆ ಬಿಟ್ಟಲ್ಲೇ ನಿಂತಿದ್ದ.

“ಅವತ್ತು ಎರಡು ಆರು ಬಿದ್ದಿತ್ತು” ಎಂದಳು. “ಅದನ್ನೇ ಇಟ್ಕೊಂಡು ಮುಂದೆ ಹೋಗಿ.”

“ಚಿಕುವಾ ಸಾನ್...”

“ಹೋಗಿ.”

ಅವನು ಎರಡೂ ದಾಳವನ್ನು ಆರಕ್ಕೆ ತಿರುಗಿಸಿಟ್ಟ. “ಕಲ್ಲುದೈತ್ಯನ ಈಟಿ... ಗುರಾಣಿ ಸೀಳಿ, ಮೊಸುಕೆಯ ಎದೆಗೆ ನಾಟಿತು. ದೈತ್ಯ ಆಯ ತಪ್ಪಿ ಪ್ರಪಾತಕ್ಕೆ ಬಿದ್ದ. ಮೊಸುಕೆ ಹಲಗೆಯ ಮೇಲೆ ಕುಸಿದ.” ಅವನ ದನಿ ಒಡೆಯಿತು. “ಈಗ ದಾಳ ನಿಮ್ದು. ಒಂಬತ್ತು ಅಥವಾ ಮೇಲೆ ಬಿದ್ರೆ ಉಸಿರು ಉಳಿಯುತ್ತೆ.”

ತನುಕಿ ಸಾನ್‌ಳ ಹತ್ತಿರ ಮಂತ್ರವಿರಲಿಲ್ಲ. ಕಬು ಸಾನ್ ಮತ್ತೆ ಮತ್ತೆ ತನ್ನ ಬರಿಗೈ ನೋಡಿಕೊಂಡ. ಕಥೆ ಕಟ್ಟಿದವನೇ ಎದುರಿಗೆ ಕೂತಿದ್ದರೂ ಅವನಿಂದಲೂ ಏನೂ ಆಗುವಂತಿರಲಿಲ್ಲ. ಆ ಮೇಜಿನಲ್ಲಿ ಮೊದಲ ಬಾರಿಗೆ ಎಲ್ಲರೂ ಮೊಸುಕೆಯಷ್ಟೇ ಬಡವರಾಗಿದ್ದರು.

ಶಿಹೊ ದಾಳ ಉರುಳಿಸಿದಳು.

ಐದು. ಮೂರು.

ಒಂದು ಕಡಿಮೆ.

ಮಾಸ್ಟರ್ ದಾಳವನ್ನೇ ನೋಡುತ್ತಿದ್ದ, ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಎಂಟು” ಎಂದ. “ಮೊಸುಕೆ... ಉಳಿಯಲ್ಲ.”

ಆ ಮಾತು ಕೇಳಿದಾಗ ಶಿಹೊಳೊಳಗೆ ಎಷ್ಟೋ ವರ್ಷದಿಂದ ಬಿಗಿದಿದ್ದ ಗಂಟೊಂದು ಸಡಿಲವಾಯಿತು. ಕೊನೆಗೂ ಯಾರೋ ಒಬ್ಬರು ಅವಳ ಮುಖ ನೋಡಿ ಹೇಳಿದ್ದರು. ಹೇಳಿ ಎದ್ದು ಹೋಗಿರಲಿಲ್ಲ, ಅಲ್ಲೇ ಕೂತಿದ್ದರು.

“ಅವನಿಗೆ ಮಾತಾಡೋಕೆ ಹೊತ್ತಿದೆಯಾ?” ಎಂದು ಮೆಲ್ಲಗೆ ಕೇಳಿದಳು.

“ಇದೆ” ಎಂದ ಮಾಸ್ಟರ್. “ನಿಮಗೆ ಬೇಕಾದಷ್ಟು.”

ಶಿಹೊ ಗೊಂಬೆಯನ್ನು ಮೆತ್ತಗೆ ಮಲಗಿಸಿದಳು. ಹದಿನೇಳನೆಯ ವಯಸ್ಸಿನಲ್ಲಿ ಕೇಳದೆ ಹೋದ ಮಾತು, ಆಡದೆ ಹೋದ ಮಾತು, ಎಲ್ಲ ಗಂಟಲಿಗೆ ಬಂದವು. ಬಾಯಿಂದ ಹೊರಟದ್ದು ಮೊಸುಕೆಯ ಸಣ್ಣ ಮಾತುಗಳೇ.

“ಹಲಗೆ ಗಟ್ಟಿ ಇದೆ, ನಿಧಾನ ದಾಟಿ. ಅಮ್ಮ... ಮಾಟಗಾತಿ ಅಮ್ಮ, ಎಡಗಡೆ ಜಾರುತ್ತೆ, ಹಗ್ಗ ಹಿಡ್ಕೊ. ಪೂಜಾರಪ್ಪ, ನಿನ್ನ ತಪ್ಪಲ್ಲ. ನನ್ನ ಡಬ್ಬಿಯಲ್ಲಿ ಊಟ ಇದೆ, ಹಂಚ್ಕೊಂಡು ತಿನ್ನಿ. ಮುಚ್ಚಳ... ಮುಚ್ಚಳ ಸಿಗದಿದ್ರೆ ಹುಡುಕಬೇಡಿ. ಹೋಗಿಬನ್ನಿ.”

ತನುಕಿ ಸಾನ್ ಬಿಕ್ಕಿದಳು. “ಹೂಂ ಕಣೋ ಮೊಸುಕೆ. ಹಿಡ್ಕೊಂಡಿದ್ದೀನಿ.”

ಅವರು ಸೇತುವೆ ದಾಟಿದರು. ದಾಟಿ ಮುಗಿಯುವವರೆಗೂ ಶಿಹೊ ಅಳುತ್ತಲೇ ಇದ್ದಳು.

ಟ್ರಾಮ್ ನಿಲ್ದಾಣದಲ್ಲಿ ಕರಗುವ ಹಿಮದ ನೀರು ಮಾಡಿನಿಂದ ತೊಟ್ಟಿಕ್ಕುತ್ತಿತ್ತು. ಬಿಸಿಲು ಇನ್ನೂ ಇತ್ತು. ಅವನು ಎರಡು ಮಾರು ದೂರ ನಿಂತಿದ್ದ, ಹತ್ತಿರ ಬರಲು ಅಪ್ಪಣೆ ಇಲ್ಲದವನ ಹಾಗೆ.

“ಯಾಕೆ ಮಾಡಿದ್ರಿ?” ಎಂದಳು ಶಿಹೊ.

“ಮೊದಲ ದಿನ ನೀವು ಅಂದ್ರಿ, ಇವನು ಸತ್ರೆ ಮನೆಗೆ ಹೋಗ್ತೀನಿ ಅಂತ.” ಅವನು ನೆಲ ನೋಡಿದ. “ನಿಮ್ಮ ಹೆಸರು ಗೊತ್ತಿಲ್ಲ. ಕೇಳೋ ಹಾಗಿಲ್ಲ. ಮೊಸುಕೆ ಬದುಕಿದ್ರೆ ಮುಂದಿನ ತಿಂಗಳು ಬರ್ತೀರಿ ಅನ್ನಿಸ್ತು. ನಿಮ್ಮ ಮೇಲೆ ಕರುಣೆ ಅಲ್ಲ... ನನ್ನ ಮೇಲೆ ನಂಗೇ ಕರುಣೆ. ಆಮೇಲೆ ನೀವು ಅಮ್ಮನ ವಿಷಯ ಹೇಳಿದ್ರಿ. ಅವತ್ತೇ ಒಪ್ಕೋಬೇಕಿತ್ತು. ಒಪ್ಕೊಂಡ್ರೆ ನೀವು ಹೋಗ್ತಿದ್ರಿ. ಪ್ರೀತಿ ಮಾಡೋನ ಕೈಲಿ ದಾಳ ಕೊಡಬಾರದು, ಚಿಕುವಾ ಸಾನ್.”

ಪ್ರೀತಿ. ಅವನು ಅಂದುಬಿಟ್ಟಿದ್ದ. ಅಂದದ್ದು ಅವನಿಗೇ ಆಮೇಲೆ ತಿಳಿದ ಹಾಗಿತ್ತು, ಕಿವಿ ಕೆಂಪಾದವು.

ಶಿಹೊ ಯಂತ್ರಕ್ಕೆ ನಾಣ್ಯ ಹಾಕಿದಳು. ಡಬ್ಬಿಯನ್ನು ತನ್ನ ಕರವಸ್ತ್ರದಲ್ಲಿ ಸುತ್ತಿ ಅವನ ಕೈಗಿತ್ತಳು.

“ಮೊಸುಕೆ ಸತ್ತ. ನಾನು ಇಲ್ಲೇ ಇದ್ದೀನಿ. ನೋಡಿದ್ರಾ?”

ಅವನು ತಲೆಯಾಡಿಸಿದ.

“ಮುಂದಿನ ತಿಂಗಳು ಆಟಕ್ಕೆ ಅವನ ತಂಗಿ ಬರ್ತಾಳೆ. ಕೈಯಲ್ಲಿ ಹಿಮ ಎತ್ತೋ ಸಲಿಕೆ ಇರುತ್ತೆ.”

“ಅವಳಿಗೂ ಯಾವ ಶಕ್ತಿಯೂ ಬೇಡ್ವಾ?”

“ಬೇಡ. ಮರೆಯೂ ಬೇಡ.” ಸ್ವಲ್ಪ ತಡೆದು ಅಂದಳು, “ನನ್ನ ಹೆಸರು ಶಿಹೊ. ನೊಗಾಮಿ ಶಿಹೊ.”

ಅವನು ಆ ಹೆಸರನ್ನು ಒಮ್ಮೆ ಬಾಯೊಳಗೇ ಹೇಳಿಕೊಂಡ. “ನಾನು ಮಿನಗಾವ ಅಕಿನೊರಿ. ನಿಲ್ದಾಣದ ಹತ್ರ ಕನ್ನಡಕದ ಅಂಗಡಿಯಲ್ಲಿ ಕೆಲಸ.”

“ಗಾಜಿನವರೇ ಗಾಜಿಗೆ ಸಿಕ್ಕಿಬಿದ್ರಿ.”

ಅವನು ನಕ್ಕ. ಮೂರು ತಿಂಗಳಲ್ಲಿ ಮೊದಲ ನಗು. ದೂರದಲ್ಲಿ ಟ್ರಾಮ್ ಕಾಣಿಸಿತು. ಈ ಬಾರಿ ಅವನು ಮಾತು ನುಂಗಲಿಲ್ಲ, ಎರಡು ಮಾರಿನ ಅಂತರವನ್ನು ನಡೆದು ಬಂದು ಅವಳ ಪಕ್ಕದಲ್ಲಿ ನಿಂತ.

ಶಿಹೊ ಅವನ ಕಡೆ ಮುಖ ತಿರುಗಿಸಿದಳು. “ಅಕಿನೊರಿ ಸಾನ್, ಅತ್ತು ಅತ್ತು ನನ್ನ ಮುಖ ಹೇಗಾಗಿದೆ? ಚೆನ್ನಾಗಿದೆಯಾ?”

ಅವನು ತುಂಬ ಹೊತ್ತು ನೋಡಿದ.

“ಮೂಗು ಕೆಂಪಾಗಿದೆ” ಎಂದ. “ಕಣ್ಣು ಊದಿದೆ. ಕೆನ್ನೆ ಮೇಲೆ ಮೀನಿನ ಬಣ್ಣ ಇದೆ.”

ಅವಳು ಅವನ ತೋಳು ಹಿಡಿದುಕೊಂಡಳು.

“ಹೀಗೇ ಹೇಳ್ತಿರಿ” ಎಂದಳು.